ನ್ಯೂಜೆರ್ಸಿ ಬಿಟ್ಟು ಅಟ್ಲಾಂಟಾಗೆ ಹೋಗಬಹುದಾ? ಅಮೆರಿಕದ ದಕ್ಷಿಣ ನಮ್ಮಂಥವರಿಗೆ ಹೇಗೆ?

ನಿಮಗೆ ಅಟ್ಲಾಂಟಾದಲ್ಲಿ ಕೆಲಸ ಸಿಕ್ಕಿದೆ, ಏಳು ವರ್ಷದ ಮಗಳಿದ್ದಾಳೆ ಅಂತ ಬರೆದಿದ್ದೀರಿ. ದಕ್ಷಿಣದಲ್ಲಿ ಬಣ್ಣದ ಭೇದ ಜಾಸ್ತಿ ಅಂತ ಒಬ್ಬರು ಹೆದರಿಸಿದ್ದಾರೆ. ಅಟ್ಲಾಂಟಾದ ಉತ್ತರಕ್ಕಿರುವ ಫೋರ್ಸಿತ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಮನೆ ತಗೊಂಡುಬಿಡಿ, ನಮ್ಮವರೇ ತುಂಬಿದ್ದಾರೆ, ಏನೂ ಯೋಚನೆ ಬೇಡ ಅಂತ ಇನ್ನೊಬ್ಬರು ಹೇಳಿದ್ದಾರೆ. ನಾನು ಅದೇ ಫೋರ್ಸಿತ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಬನ್ನಿ, ಖಂಡಿತ ಬನ್ನಿ. ಆದರೆ ಮನೆ ಮಾತ್ರ ಅವಸರದಲ್ಲಿ ತಗೋಬೇಡಿ.

ಮೊದಲು ಒಳ್ಳೆಯದು ಹೇಳುತ್ತೇನೆ. ಇಲ್ಲಿಯ ಜನ ಮಾತಾಡಿಸುತ್ತಾರೆ. ನಾವು ಬಂದ ಮೊದಲ ಬೇಸಿಗೆಯಲ್ಲಿ ಎದುರುಮನೆ ಅಜ್ಜಿ ಹಿತ್ತಲಲ್ಲಿ ಬೆಳೆದ ಬೆಂಡೆಕಾಯಿ ಒಂದು ಬಟ್ಟಲು ತಂದರು. "ನಿಮ್ಮ ಕಡೆ ಇದು ತಿನ್ನುತ್ತೀರಾ?" ಅಂತ ಕೇಳಿದರು. ಬಟ್ಟಲು ಖಾಲಿ ವಾಪಸ್ ಕೊಡಬಾರದಲ್ವಾ, ಅದರಲ್ಲೇ ಬೆಂಡೆಕಾಯಿ ಗೊಜ್ಜು ಹಾಕಿ ಕೊಟ್ಟೆ. ಅವತ್ತಿನಿಂದ ಆ ಬಟ್ಟಲು ರಸ್ತೆಯ ಆ ಕಡೆ ಈ ಕಡೆ ಓಡಾಡುತ್ತಲೇ ಇದೆ.

ಬೆಟ್ಟದ ಕಡೆ ಹೋಗುವ ದಾರಿಯಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಾರೆ. ದೊಡ್ಡ ಹಂಡೆಯಲ್ಲಿ ಉಪ್ಪುನೀರು ಕುದಿಯುತ್ತಿರುತ್ತದೆ. ಸೌಟಿನಲ್ಲಿ ಎತ್ತಿ, ನೀರು ಸೋರುತ್ತಿರುವಾಗಲೇ ಚೀಲಕ್ಕೆ ಸುರಿಯುತ್ತಾರೆ. ಸಿಪ್ಪೆ ಮೆತ್ತಗಾಗಿರುತ್ತದೆ, ಹಲ್ಲಲ್ಲಿ ಒತ್ತಿದರೆ ಒಳಗಿನ ಉಪ್ಪುನೀರು ಬಾಯಿಗೆ ಬರುತ್ತದೆ. ಬಸವನಗುಡಿ ಪರಿಷೆಯಲ್ಲಿ ತಿಂದವರಿಗೆ ಬೇರೆ ಹೇಳಬೇಕಾಗಿಲ್ಲ. ಇಲ್ಲಿಯ ಮಣ್ಣೂ ನಮ್ಮ ಕೋಲಾರದ ಕಡೆಯ ಹಾಗೆ ಕೆಂಪು. ಊರೆಲ್ಲ ಮರ. ಮಾರ್ಚ್ ಕೊನೆಗೆ ಕಾರು, ಜಗಲಿ, ಕಿಟಕಿ ಎಲ್ಲದರ ಮೇಲೂ ಪೈನ್ ಮರದ ಹಳದಿ ಪರಾಗ ಅರಿಶಿನ ಚೆಲ್ಲಿದ ಹಾಗೆ ಕೂರುತ್ತದೆ. ಮಗಳಿಗೆ ಅಲರ್ಜಿ ಇದ್ದರೆ ಆ ಮೂರು ವಾರಕ್ಕೆ ಔಷಧಿ ತಂದಿಟ್ಟುಕೊಳ್ಳಿ.

ಈಗ ಮನೆಯ ವಿಷಯ. ಇದನ್ನು ನನಗೆ ಯಾರೂ ಮುಂಚೆ ಹೇಳಿರಲಿಲ್ಲ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಗೃಹಪ್ರವೇಶಕ್ಕೆ ಆಫೀಸಿನ ಒಬ್ಬರನ್ನು ಕರೆದಿದ್ದೆ. ಅರವತ್ತರ ಹತ್ತಿರದ ಮನುಷ್ಯ, ಕಪ್ಪು ಜನಾಂಗದವರು, ಅಟ್ಲಾಂಟಾದಲ್ಲೇ ಹುಟ್ಟಿ ಬೆಳೆದವರು. ರಾತ್ರಿ ಊಟಕ್ಕೆ ಬನ್ನಿ ಅಂದರೆ, ಬೆಳಿಗ್ಗೆ ಬರುತ್ತೇನೆ ಅಂದರು. ಹನ್ನೊಂದಕ್ಕೆ ಬಂದರು, ಬಿಸಿಬೇಳೆ ಭಾತ್ ಎರಡು ಸಲ ಹಾಕಿಸಿಕೊಂಡರು, ನಮ್ಮತ್ತೆ ಜೊತೆ ಕೂತು ಫೋಟೋ ತೆಗೆಸಿಕೊಂಡರು. ನಾಲ್ಕು ಗಂಟೆಗೆ ಎದ್ದುನಿಂತರು. ಇನ್ನೂ ಸ್ವಲ್ಪ ಹೊತ್ತು ಇರಿ ಅಂತ ಬಲವಂತ ಮಾಡಿದೆ. "ಕತ್ತಲಾಗುವ ಮುಂಚೆ ಈ ಕೌಂಟಿ ದಾಟಬೇಕು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದು. ಈಗ ಏನೂ ಆಗಲ್ಲ ಅಂತ ಗೊತ್ತು. ಆದರೂ ಕೈಕಾಲು ಕೇಳಲ್ಲ" ಅಂದರು. ಅವರಪ್ಪ ಲಾರಿ ಓಡಿಸುತ್ತಿದ್ದರಂತೆ. ಫೋರ್ಸಿತ್ ಮೇಲೆ ಹೋಗಬೇಕಾದರೆ ಮುಂಚೆಯೇ ಪೆಟ್ರೋಲ್ ತುಂಬಿಸಿಕೊಂಡು, ಎಲ್ಲೂ ನಿಲ್ಲಿಸದೆ ದಾಟುತ್ತಿದ್ದರಂತೆ.

ಅವರು ಹೋದ ಮೇಲೆ ರಾತ್ರಿ ಕೂತು ಓದಿದೆ. 1912ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಒಬ್ಬ ಬಿಳಿ ಹುಡುಗಿಯ ಕೊಲೆಯಾಯಿತು. ಗುಂಪೊಂದು ಜೈಲಿಗೆ ನುಗ್ಗಿ ರಾಬ್ ಎಡ್ವರ್ಡ್ಸ್ ಅನ್ನುವ ಕಪ್ಪು ಯುವಕನನ್ನು ಎಳೆದು ಕೊಂದು, ಈ ಕೌಂಟಿಯ ಕೇಂದ್ರವಾದ ಕಮಿಂಗ್ ಊರಿನ ನಡುವೆ ನೇತುಹಾಕಿತು. ಮುಂದಿನ ತಿಂಗಳು ಇನ್ನಿಬ್ಬರು ಹದಿಹರೆಯದ ಹುಡುಗರಿಗೆ ಅವಸರದ ವಿಚಾರಣೆ ನಡೆಸಿ ಗಲ್ಲು ಹಾಕಿದರು. ಅಷ್ಟಕ್ಕೇ ನಿಲ್ಲಲಿಲ್ಲ. ರಾತ್ರಿ ಕುದುರೆ ಮೇಲೆ ಬಂದು ಮನೆಗಳಿಗೆ ಗುಂಡು ಹಾರಿಸಿ, ಚರ್ಚುಗಳಿಗೆ ಬೆಂಕಿ ಹಚ್ಚಿ, ಕೌಂಟಿಯಲ್ಲಿದ್ದ ಸುಮಾರು 1,100 ಕಪ್ಪು ಜನರನ್ನು ಓಡಿಸಿಬಿಟ್ಟರು. ಹೊಲ, ದನ, ಮನೆ ಎಲ್ಲ ಬಿಟ್ಟು ಹೋದರು. ಇದು ಹಳೇ ಕಥೆ ಅಂದುಕೊಳ್ಳಬೇಡಿ. 1987ರ ಜನವರಿಯಲ್ಲಿ ಬಣ್ಣದ ಭೇದದ ವಿರುದ್ಧ ಶಾಂತಿಯಿಂದ ಮೆರವಣಿಗೆ ಬಂದ ಒಂದು ಚಿಕ್ಕ ಗುಂಪಿಗೆ ಇಲ್ಲಿ ಕಲ್ಲು, ಬಾಟಲಿ ಬಿದ್ದವು. ಮುಂದಿನ ವಾರ ಸುಮಾರು 20,000 ಜನ ಬಂದು ನಡೆದರು. ಆ ವರ್ಷ ನಾನು ಶಾಲೆಯಲ್ಲಿದ್ದೆ. ಅಷ್ಟು ಹತ್ತಿರದ ಮಾತು.

ಈಗ ಅದೇ ಕೌಂಟಿಯ ದಕ್ಷಿಣ ಭಾಗದಲ್ಲಿ ಬೀದಿ ಬೀದಿಯಲ್ಲೂ ಭಾರತೀಯರಿದ್ದಾರೆ. ಒಳ್ಳೆ ಶಾಲೆಗೆ ಅಂತ ಬಂದಿದ್ದೇವೆ, ಅದರಲ್ಲಿ ತಪ್ಪಿಲ್ಲ. ನನ್ನ ಮಕ್ಕಳೂ ಆ ಶಾಲೆಗಳಲ್ಲೇ ಓದಿದವರು. ಆದರೆ ನಮ್ಮವರ ವಾಟ್ಸಾಪ್ ಗುಂಪಲ್ಲಿ ಹೊಸಬರು ಮನೆ ಕೇಳಿದ ತಕ್ಷಣ "ಆ ಕಡೆ ಬೇಡ, ಸೇಫ್ ಅಲ್ಲ" ಅಂತ ಬರುತ್ತದಲ್ಲ, ಆ ಮಾತು ನನಗೆ ಚೆನ್ನಾಗಿ ಗೊತ್ತು. ಚಿಕ್ಕವಳಿದ್ದಾಗ ನಮ್ಮಜ್ಜಿ "ಕೇರಿ ಕಡೆ ಹೋಗಬೇಡ" ಅಂತ ಹೇಳುತ್ತಿದ್ದುದು ಇದೇ ದನಿಯಲ್ಲಿ. ಯಾಕೆ ಅಂತ ಆಗ ಕೇಳಲಿಲ್ಲ. ಈಗ ಕೇಳುತ್ತೇನೆ. "ಆ ಕಡೆ" ಅಂದರೆ ಎಲ್ಲಿ, ಅಲ್ಲಿ ಏನಾಯಿತು, ನೀವು ಹೋಗಿ ನೋಡಿದ್ದೀರಾ ಅಂತ. ಸಾಮಾನ್ಯವಾಗಿ ಯಾರೂ ಹೋಗಿರುವುದಿಲ್ಲ.

ಈ ಭಯದ ಬೆಲೆ ನೀವೂ ದಿನಾ ಕಟ್ಟುತ್ತೀರಿ. ಇಲ್ಲಿಯ ಮೆಟ್ರೋ ರೈಲಿನ ಹೆಸರು ಮಾರ್ಟಾ. ಪಕ್ಕದ ಗ್ವಿನೆಟ್ ಕೌಂಟಿಯವರು 1971, 1990, 2019, ಮೂರು ಸಲವೂ ಮತ ಹಾಕಿ ಅದನ್ನು ಬೇಡ ಅಂದರು. ತೆರಿಗೆಯ ಲೆಕ್ಕವೂ ಇತ್ತು ನಿಜ. ಆದರೆ ರೈಲು ಬಂದರೆ ಊರಿನ ಕಪ್ಪು ಜನವೂ ಬರುತ್ತಾರೆ ಅನ್ನುವ ಭಯ ಮೊದಲಿಂದಲೂ ಅದರ ಹಿಂದಿದೆ. ನಮ್ಮ ಫೋರ್ಸಿತ್‌ಗೂ ರೈಲಿಲ್ಲ. ಹಾಗಾಗಿ ಎಲ್ಲರೂ ಅಟ್ಲಾಂಟಾಗೆ ಹೋಗುವ ಜಿಎ 400 ಹೆದ್ದಾರಿಯಲ್ಲಿ ಸಾಲಾಗಿ ನಿಂತಿರುತ್ತೇವೆ. ಕಾರಿಲ್ಲದವರು ಇಲ್ಲಿ ಕೆಲಸಕ್ಕೆ ಬರೋದೇ ಕಷ್ಟ, ಕನಿಷ್ಠ ಕೂಲಿ ಇನ್ನೂ ಗಂಟೆಗೆ 7.25 ಡಾಲರ್.

ನಮಗೇ ಏನಾದರೂ ಆಗುತ್ತದಾ ಅಂತ ಕೇಳಿದ್ದೀರಿ. ಹನ್ನೊಂದು ವರ್ಷದಲ್ಲಿ ಎರಡು ಸಲ "ನಿಮ್ಮ ದೇಶಕ್ಕೆ ಹೋಗಿ" ಅಂತ ಅನ್ನಿಸಿಕೊಂಡಿದ್ದೇನೆ. ಒಂದು ಸಲ ಪೆಟ್ರೋಲ್ ಬಂಕಿನಲ್ಲಿ, ಮಕ್ಕಳ ಎದುರಿಗೇ. 2021ರ ಮಾರ್ಚ್‌ನಲ್ಲಿ ಅಟ್ಲಾಂಟಾ ಸುತ್ತಮುತ್ತ ಒಬ್ಬನೇ ಮೂರು ಸ್ಪಾಗಳಲ್ಲಿ ಎಂಟು ಜನರನ್ನು ಗುಂಡಿಟ್ಟು ಕೊಂದ, ಅವರಲ್ಲಿ ಆರು ಜನ ಏಷ್ಯಾ ಮೂಲದ ಹೆಂಗಸರು. ಆ ವಾರ ನಮ್ಮತ್ತೆ ಸಂಜೆ ವಾಕಿಂಗ್ ಬಿಟ್ಟಿದ್ದರು. 2022ರಿಂದ ಇಲ್ಲಿ ಲೈಸೆನ್ಸ್ ಇಲ್ಲದೆಯೂ ಬಂದೂಕು ಇಟ್ಟುಕೊಂಡು ಓಡಾಡಬಹುದು. ಇದನ್ನೆಲ್ಲ ಮುಚ್ಚಿಟ್ಟು ಬನ್ನಿ ಅಂತ ಹೇಳಲಾರೆ.

ನನ್ನ ಸಲಹೆ ಇಷ್ಟು. ಒಂದು ವರ್ಷ ಬಾಡಿಗೆಗೆ ಇರಿ. ಡೆಕೇಟರ್ ಅಥವಾ ಸ್ಯಾಂಡಿ ಸ್ಪ್ರಿಂಗ್ಸ್ ಕಡೆ, ಮಾರ್ಟಾ ಸ್ಟೇಷನ್ ಹತ್ತಿರ ನೋಡಿ. ಮಗಳ ತರಗತಿಯಲ್ಲಿ ಎಲ್ಲ ಬಣ್ಣದ ಮಕ್ಕಳೂ ಇರಲಿ. ಕನ್ನಡಕ್ಕೆ ಕೊರತೆ ಆಗಲ್ಲ. ನೃಪತುಂಗ ಕನ್ನಡ ಕೂಟ ಇದೆ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ "ಅಕ್ಕ"ದ 2012ರ ಸಮ್ಮೇಳನವೂ ಅಟ್ಲಾಂಟಾದಲ್ಲೇ ನಡೆದಿತ್ತು. ತಿರುಪತಿ ತಿಮ್ಮಪ್ಪನ ದೇವಸ್ಥಾನ ಊರಿನ ದಕ್ಷಿಣಕ್ಕೆ ರಿವರ್‌ಡೇಲ್‌ನಲ್ಲಿದೆ. ಕಪ್ಪು ಜನ ಹೆಚ್ಚಿರುವ, ನಮ್ಮವರು ಬೇಡ ಅನ್ನುವ "ಆ ಕಡೆ"ಯೇ ಅದು. ದೇವರನ್ನು ನೋಡಲು ಹೋಗುತ್ತೇವೆ, ಅಲ್ಲಿ ಮನೆ ಮಾತ್ರ ಬೇಡ ಅನ್ನುತ್ತೇವೆ.

ಬಂದ ಮೊದಲ ತಿಂಗಳೇ ಒಂದು ಶನಿವಾರ ರೈಲು ಹತ್ತಿ ಕಿಂಗ್ ಮೆಮೋರಿಯಲ್ ಸ್ಟೇಷನ್‌ನಲ್ಲಿ ಇಳಿಯಿರಿ. ಅಲ್ಲಿಂದ ಆಬರ್ನ್ ಅವೆನ್ಯೂಗೆ ನಡೆದುಹೋಗಬಹುದು. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಬೀದಿ, ಅವರ ಎಬನೇಜರ್ ಚರ್ಚು, ನೀರಿನ ನಡುವೆ ಅವರ ಸಮಾಧಿ, ಗಾಂಧಿ ಪ್ರತಿಮೆ ಎಲ್ಲ ಅಲ್ಲೇ ಇವೆ. ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದರು. ತಿರುವನಂತಪುರದ ಒಂದು ಶಾಲೆಯಲ್ಲಿ ದಲಿತ ಮಕ್ಕಳ ಮುಂದೆ ಅವರನ್ನು "ಅಮೆರಿಕದಿಂದ ಬಂದ ನಮ್ಮಂಥದ್ದೇ ಅಸ್ಪೃಶ್ಯರು" ಅಂತ ಪರಿಚಯಿಸಿದರಂತೆ. ಮೊದಲು ಬೇಜಾರಾಯಿತು, ಆಮೇಲೆ ಹೌದಲ್ಲ, ನಾನೂ ಅಸ್ಪೃಶ್ಯನೇ ಅನ್ನಿಸಿತು ಅಂತ 1965ರಲ್ಲಿ ಎಬನೇಜರ್ ಚರ್ಚಿನಲ್ಲೇ ಹೇಳಿದರು. ಮಗಳಿಗೆ ಆ ಕಥೆ ಅಲ್ಲೇ ನಿಂತು ಹೇಳಿ.

ಕಮಿಂಗ್‌ಗೆ ಬಂದಾಗ ಊರ ನಡುವೆ ರಾಬ್ ಎಡ್ವರ್ಡ್ಸ್ ಹೆಸರಿನ ಫಲಕ ನೋಡಿ, 2021ರಲ್ಲಿ ಹಾಕಿದ್ದಾರೆ. ಹಾಗೇ ನಮ್ಮ ಮನೆಗೂ ಬನ್ನಿ. ನಮ್ಮ ಆಫೀಸಿನವರು ಈಗ ಯುಗಾದಿಗೆ ರಾತ್ರಿ ಊಟಕ್ಕೂ ಬರುತ್ತಾರೆ. ಒಂಬತ್ತು ಗಂಟೆಯ ತನಕ ಕೂತಿರುತ್ತಾರೆ.