ತಿರುವಿಗೊಮ್ಮೆ ಜಾರುವ ಫೋನ್

ಪ್ರಶ್ನೆ: ಮಡಿಕೇರಿಯಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಕಾರಿನ ಗೇರ್ ಮುಂದೆ ವೈರ್‌ಲೆಸ್ ಚಾರ್ಜಿಂಗ್ ಟ್ರೇ ಇದೆ. ಊರೊಳಗೆ ಸರಿಯಾಗೇ ಚಾರ್ಜ್ ಆಗುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ನಿಂತು ನಿಂತು ಆಗುತ್ತದೆ. ಸುಳ್ಯ ಮುಟ್ಟುವಷ್ಟರಲ್ಲಿ ಫೋನ್ ಕಾದ ಕಾವಲಿ! ಟ್ರೇ ಕೆಟ್ಟಿದೆಯಾ?

ಉತ್ತರ: ಕೆಟ್ಟಿರಲಿಕ್ಕಿಲ್ಲ. ತಿರುವಿನಲ್ಲಿ ನೀವು ಒಂದು ಕಡೆ ವಾಲುತ್ತೀರಲ್ಲ, ಫೋನೂ ವಾಲುತ್ತದೆ. ನಿಮಗೆ ಸೀಟ್ ಬೆಲ್ಟ್ ಇದೆ, ಅದಕ್ಕಿಲ್ಲ.

ಟ್ರೇ ಅಡಿಯಲ್ಲಿ ತಾಮ್ರದ ತಂತಿಯ ಸುರುಳಿ ಇರುತ್ತದೆ. ಫೋನಿನ ಬೆನ್ನಲ್ಲೂ ಅಂಥದ್ದೇ ಒಂದು. ಎರಡೂ ಎದುರುಬದುರು ಕೂತರೆ ಮಾತ್ರ ಕರೆಂಟ್ ಚೆನ್ನಾಗಿ ದಾಟುತ್ತದೆ. ಬೆರಳಗಲ ಸರಿದರೂ ಸಾಕು, ದಾಟಬೇಕಾದದ್ದು ಬಿಸಿಯಾಗಿ ಹೋಗುತ್ತದೆ. ಬಿಸಿ ಜಾಸ್ತಿಯಾದರೆ ಫೋನ್ ತಾನೇ ಚಾರ್ಜಿಂಗ್ ನಿಲ್ಲಿಸುತ್ತದೆ. ಘಾಟಿಯಲ್ಲಿ ಮ್ಯಾಪ್ ಬೇರೆ ಹಾಕಿರುತ್ತೀರಿ, ಸಿಗ್ನಲ್ ಹುಡುಕಾಟ ಬೇರೆ. ಕಾಯದೆ ಏನು ಮಾಡೀತು?

ಮೊದಲು ಟ್ರೇಯ ರಬ್ಬರ್ ಹಾಸನ್ನು ಸೋಪು ನೀರಲ್ಲಿ ಒರೆಸಿ ಒಣಗಿಸಿ. ತೋಟದ ಕೆಂಪು ಧೂಳು ಕೂತರೆ ಯಾವ ರಬ್ಬರೂ ಹಿಡಿಯುವುದಿಲ್ಲ. ಆಮೇಲೆ ಕಾರು ನಿಲ್ಲಿಸಿ, ಫೋನನ್ನು ನಿಧಾನ ಸರಿಸುತ್ತಾ ಚಾರ್ಜ್ ಗಟ್ಟಿಯಾಗಿ ಹಿಡಿಯುವ ಜಾಗ ಹುಡುಕಿ. ಹಳೇ ಹವಾಯಿ ಚಪ್ಪಲಿಯ ಅಟ್ಟೆಯಿಂದ ನಾಲ್ಕು ತುಂಡು ಕತ್ತರಿಸಿ, ಫೋನಿನ ನಾಲ್ಕೂ ಬದಿಗೆ ಒತ್ತಿ ಕೂರಿಸಿ. ನೋಡಲು ಚಂದವಿಲ್ಲ, ಆದರೆ ಹಿಡಿಯುತ್ತದೆ. ಫೋನಿನ ಅಡಿಗೆ ಮಾತ್ರ ಬಟ್ಟೆ, ದಪ್ಪ ಹಾಸು ಏನೂ ಬೇಡ. ಎರಡು ಸುರುಳಿಗಳ ನಡುವೆ ಕೆಲವೇ ಮಿಲಿಮೀಟರ್ ಅಂತರ ಇರಬೇಕು.

ಇನ್ನೊಂದು. ಹಳೇ ಮ್ಯಾಗ್ನೆಟ್ ಹೋಲ್ಡರ್‌ಗೆಂದು ಫೋನಿನ ಬೆನ್ನಿಗೆ ಕಬ್ಬಿಣದ ತಗಡು ಅಂಟಿಸಿದ್ದೀರಾ? ಹಾಗಿದ್ದರೆ ಮೊದಲು ಅದನ್ನು ಕೀಳಿ. ಚಾರ್ಜಿಂಗ್‌ಗೂ ಅಡ್ಡ, ತಾನೂ ಸುಡುತ್ತದೆ. ಟ್ರೇಯಲ್ಲಿ ಚಿಲ್ಲರೆ, ಕೀ ಹಾಕುವುದೂ ಬೇಡ.

ಜಾರುವ ತೊಂದರೆಗೆ ಕಂಪನಿಗಳು ಕಂಡುಕೊಂಡ ದಾರಿ ಮ್ಯಾಗ್ನೆಟ್. 2020ರಲ್ಲಿ ಐಫೋನ್ 12ರ ಬೆನ್ನಲ್ಲಿ ಮ್ಯಾಗ್ನೆಟ್ ಉಂಗುರ ಬಂತು. 2023ರಲ್ಲಿ ಘೋಷಣೆಯಾದ ಚೀ2 (Qi2) ಎಂಬ ವೈರ್‌ಲೆಸ್ ಚಾರ್ಜಿಂಗ್ ಗುಣಮಟ್ಟ ಅದನ್ನೇ ಎಲ್ಲ ಕಂಪನಿಗಳಿಗೂ ತೆರೆಯಿತು. (ಹೆಸರೇ 'ಚೀ', ನಾನು ಬೈದದ್ದಲ್ಲ.) ಉಂಗುರ ತಾನೇ ಫೋನನ್ನು ಎಳೆದು ನಡುವಿಗೆ ಕೂರಿಸುತ್ತದೆ. ನಿಮ್ಮ ಫೋನಿನಲ್ಲಿ ಉಂಗುರ ಇಲ್ಲದಿದ್ದರೆ ಉಂಗುರವಿರುವ ಕವರ್ ಸಿಗುತ್ತದೆ. ಆದರೆ ಟ್ರೇಯಲ್ಲಿ ಮ್ಯಾಗ್ನೆಟ್ ಇಲ್ಲದಿದ್ದರೆ ಕವರ್ ಒಂದರಿಂದ ಪ್ರಯೋಜನವಿಲ್ಲ. ಮ್ಯಾಗ್ನೆಟ್ ಇರುವ ಕಾರ್ ಚಾರ್ಜರ್ ಕೂಡ ಬೇಕು. ತೋಟದೊಳಗಿನ ಕಲ್ಲುದಾರಿಗೆ ಹೋಗುವವರಾದರೆ, ಎರಡು ಕಡೆ ಕೈ ಚಾಚಿ ಹಿಡಿಯುವ ಹೋಲ್ಡರ್ ಮೇಲೇ ನನಗೆ ನಂಬಿಕೆ.

ಮನೆಯ ಮೇಜಿನ ಮೇಲೂ ಫೋನ್ ಜಾರುತ್ತದೆ, ಗೊತ್ತಾ? ಮಳೆಗಾಲದಲ್ಲಿ ನಾಪೋಕ್ಲು ಹತ್ತಿರದ ನೆಂಟರ ಮನೆಯಲ್ಲಿ ಫೋನನ್ನು ವೈಬ್ರೇಷನ್‌ನಲ್ಲಿಟ್ಟು ಚಾರ್ಜರ್ ಮೇಲೆ ಮಲಗಿಸಿದ್ದೆ. ರಾತ್ರಿ ಕಾಲ್ ಬಂದಾಗಲೆಲ್ಲ ಅದು ಗುಂಯ್‌ಗುಟ್ಟುತ್ತಾ ತೆವಳಿದೆ. ಬೆಳಿಗ್ಗೆ ನೋಡಿದರೆ ಮೇಜಿನ ಅಂಚಿನಲ್ಲಿತ್ತು. ಚಾರ್ಜ್ ಹದಿನೆಂಟು.

ಪ್ರಶ್ನೆ: ಅಪ್ಪನಿಗೆ ಪೇಸ್‌ಮೇಕರ್ ಇದೆ. ಮ್ಯಾಗ್ನೆಟ್ ಚಾರ್ಜರ್ ಮನೆಯಲ್ಲಿ ಇಡಬಹುದಾ? – ವಿರಾಜಪೇಟೆಯ ಓದುಗರು

ಉತ್ತರ: ಇಡಬಹುದು, ಅವರ ಎದೆಯ ಹತ್ತಿರ ಅಲ್ಲ. ಮ್ಯಾಗ್ನೆಟ್ ಇರುವ ಫೋನ್, ಚಾರ್ಜರ್‌ಗಳನ್ನು ಪೇಸ್‌ಮೇಕರ್‌ನಿಂದ 15 ಸೆಂಟಿಮೀಟರ್‌ಗಿಂತ ದೂರ, ವೈರ್‌ಲೆಸ್ ಚಾರ್ಜ್ ಆಗುತ್ತಿದ್ದರೆ 30 ಸೆಂಟಿಮೀಟರ್‌ಗಿಂತ ದೂರ ಇಡಿ ಎನ್ನುತ್ತದೆ ಆಪಲ್. ಅಂಗಿ ಜೇಬು ಬೇಡ, ದಿಂಬಿನ ಪಕ್ಕವೂ ಬೇಡ. ಅವರ ಹೃದಯದ ಡಾಕ್ಟರನ್ನೂ ಒಮ್ಮೆ ಕೇಳಿಬಿಡಿ.