ರುಮಟಾಯ್ಡ್ ಸಂಧಿವಾತ ಇದ್ದವರಿಗೆ ಲಿಂಫೋಮಾ (ದುಗ್ಧಗ್ರಂಥಿ ವ್ಯೂಹದ ಕ್ಯಾನ್ಸರ್) ಬರುವ ಸಾಧ್ಯತೆ ಹೆಚ್ಚೇ? ಕಾರಣ ಮಾತ್ರೆಯೋ, ಕಾಯಿಲೆಯೋ?

ಹೌದು, ಇತರರಿಗಿಂತ ಸುಮಾರು 2 ಪಟ್ಟು ಹೆಚ್ಚು. ಆದರೆ ಲಿಂಫೋಮಾ ಮೊದಲೇ ಅಪರೂಪದ ಕಾಯಿಲೆ. ದುಪ್ಪಟ್ಟಾದರೂ ಬಹುಪಾಲು ರೋಗಿಗಳಿಗೆ ಅದು ಬರುವುದೇ ಇಲ್ಲ.

ಮುಖ್ಯ ಕಾರಣ ಕಾಯಿಲೆಯೇ. ರೋಗನಿರೋಧಕ ವ್ಯವಸ್ಥೆ ಸ್ವಂತ ಕೀಲಿನ ಒಳಪೊರೆಯ ಮೇಲೆ ತಿರುಗಿಬಿದ್ದಾಗ ಬಿ ಜೀವಕೋಶಗಳಿಗೆ (ಸೋಂಕಿನ ವಿರುದ್ಧ ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಗಳಿಗೆ) ವರ್ಷಗಟ್ಟಲೆ ಬಿಡುವಿಲ್ಲದ ಪ್ರಚೋದನೆ. ಅವು ವಿಭಜನೆಯಾಗುತ್ತಲೇ ಇರುತ್ತವೆ, ಪ್ರತಿಕಾಯದ ಜೀನ್‌ಗಳನ್ನು ತಿದ್ದುತ್ತಲೇ ಇರುತ್ತವೆ. ಆ ತಿದ್ದುವಿಕೆ ಒಮ್ಮೆ ತಪ್ಪಾದ ಜಾಗದಲ್ಲಿ ಬಿದ್ದರೆ ಕೋಶ ಹತೋಟಿ ಮೀರಬಹುದು. ಹಾಗಾಗಿ ಉರಿಯೂತ ದೀರ್ಘಕಾಲ ತೀವ್ರವಾಗಿಯೇ ಉಳಿದವರಲ್ಲಿ ಅಪಾಯ ಬಹಳ ಹೆಚ್ಚು. ಜೊತೆಗೆ ಕಣ್ಣು, ಬಾಯಿ ಒಣಗಿಸುವ ಶೋಗ್ರೆನ್ ಸಿಂಡ್ರೋಮ್ ಇದ್ದರೆ ಇನ್ನಷ್ಟು.

ಸಂಧಿವಾತಕ್ಕೆ ಸಾಮಾನ್ಯವಾಗಿ ಕೊಡುವ ಔಷಧ ಮೆಥೊಟ್ರೆಕ್ಸೇಟ್ ವಿಷಯ ಬೇರೆ. ಕೆಲವರಲ್ಲಿ ಅದು ಬಹುತೇಕರ ದೇಹದಲ್ಲಿ ಸುಮ್ಮನೆ ಅಡಗಿರುವ ಎಪ್‌ಸ್ಟೈನ್-ಬಾರ್ ವೈರಸ್ ಮೇಲಿನ ಕಾವಲನ್ನು ಸಡಿಲಿಸಿ ಲಿಂಫೋಮಾದಂಥ ಗಡ್ಡೆಗೆ ದಾರಿಮಾಡುತ್ತದೆ. ಔಷಧ ನಿಲ್ಲಿಸಿದ ಮೇಲೆ ಅಂಥ ಕೆಲವು ಗಡ್ಡೆಗಳು ತಾವಾಗಿಯೇ ಕರಗುವುದೂ ಉಂಟು. ಇದನ್ನು ಓದಿ ದಯವಿಟ್ಟು ನೀವೇ ಮಾತ್ರೆ ಬಿಡಬೇಡಿ. ಹತೋಟಿ ತಪ್ಪಿದ ಉರಿಯೂತವೇ ದೊಡ್ಡ ಅಪಾಯ.

ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ, ರಬ್ಬರಿನಂತೆ ಗಟ್ಟಿಯಾದ ಗಂಟು 4 ವಾರ ಕಳೆದರೂ ಇಳಿಯದಿದ್ದರೆ ತೋರಿಸಿ. ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ಕಾರಣವಿಲ್ಲದ ಜ್ವರ, 6 ತಿಂಗಳಲ್ಲಿ ತೂಕ ಶೇ. 10ಕ್ಕಿಂತ ಹೆಚ್ಚು ಇಳಿಕೆ ಇದ್ದರೆ 4 ವಾರ ಕಾಯಲೇಬೇಡಿ. ಸಂಧಿವಾತದಿಂದಲೂ ದುಗ್ಧಗ್ರಂಥಿ ಊದುವುದರಿಂದ ಸೂಜಿ ಪರೀಕ್ಷೆಯೊಂದೇ ಸಾಲದಾಗಬಹುದು. ಸಾಧ್ಯವಾದರೆ ಇಡೀ ಗ್ರಂಥಿ ತೆಗೆದು ಬಯಾಪ್ಸಿ ಮಾಡುವುದು ಮೇಲು. ಅದಕ್ಕೂ ಮುನ್ನ ಸ್ಟಿರಾಯ್ಡ್ ಪ್ರಮಾಣ ಏರಿಸಿದರೆ ಗಂಟು ಕುಗ್ಗಿ, ರೋಗ ಪತ್ತೆಯೇ ತಪ್ಪಿಹೋಗಬಹುದು.