ಓದುಗರ ಪ್ರಶ್ನೆ-ಉತ್ತರ: ಸಗಣಿ, ಬಿದಿರು, ಕೆರೆ ನೀರು ಯಾವ ಡಿಪಾರ್ಟ್‌ಮೆಂಟಿಗೆ ಸೇರುತ್ತೆ?

ಪ್ರಶ್ನೆ: ಮಗಳು ಬಿಎಸ್ಸಿ ಕೆಮಿಸ್ಟ್ರಿ ಮುಗಿಸಿದಾಳೆ, ಈಗ ಸಸ್ಟೈನಬಿಲಿಟಿ (ಪರಿಸರ ಕೆಡಿಸದೆ, ಮುಂದಿನೋರಿಗೂ ಉಳಿಯೋ ಹಾಗೆ ಬದುಕೋದು ಹೆಂಗೆ ಅನ್ನೋ ವಿಷಯ) ಅಂತ ಮಾಸ್ಟರ್ಸ್ ಮಾಡ್ತೀನಿ ಅಂತ ಹಟ ಹಿಡಿದಿದಾಳೆ. ಅದರಲ್ಲಿ ಎಕನಾಮಿಕ್ಸೂ ಇದೆ, ಇಕಾಲಜಿನೂ ಇದೆ, ಕಾನೂನೂ ಇದೆ. ಎಲ್ಲಾ ಸ್ವಲ್ಪ ಸ್ವಲ್ಪ ಕಲಿತು ಕೊನೆಗೆ ಯಾವುದೂ ಬರದೇ ಇರೋ ಹಾಗಾಗಲ್ವಾ? - ಒಬ್ಬ ತಾಯಿ, ತಿಪಟೂರು

ನಿಮ್ಮ ಭಯ ಸರಿಯಾಗೇ ಇದೆ ಅಮ್ಮ, ಅದನ್ನ ತಳ್ಳಿಹಾಕಲ್ಲ. ಆದ್ರೆ ಮಗಳ ಕೈಯಲ್ಲಿ ಆಗ್ಲೇ ಕೆಮಿಸ್ಟ್ರಿ ಇದೆಯಲ್ಲ, ಅದು ದೊಡ್ಡ ಆಸ್ತಿ, ಅದನ್ನ ಬಿಟ್ಟುಬಿಡಬೇಡ ಅಂತ ಮಾತ್ರ ಹೇಳಿ. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್ಸಿಯಲ್ಲಿ ಅಮೂಲ್ಯ ರೆಡ್ಡಿ ಅಂತ ಪ್ರೊಫೆಸರ್ ಇದ್ರು, ಅವರದ್ದೂ ಕೆಮಿಸ್ಟ್ರಿನೇ, ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ದೊಡ್ಡ ಹೆಸರು. ಅವರು 1974ರಲ್ಲಿ ಸಹೋದ್ಯೋಗಿಗಳನ್ನ ಸೇರಿಸ್ಕೊಂಡು ಅಸ್ತ್ರ ಅಂತ ಒಂದು ಸೆಲ್ ಶುರು ಮಾಡಿದ್ರು, ವಿಜ್ಞಾನ ತಂತ್ರಜ್ಞಾನ ಹಳ್ಳಿಗೆ ಉಪಯೋಗ ಆಗ್ಬೇಕು ಅನ್ನೋದು ಅದರ ಕೆಲಸ, ಈಗಿನ ಸೆಂಟರ್ ಫಾರ್ ಸಸ್ಟೈನಬಲ್ ಟೆಕ್ನಾಲಜೀಸ್ ಬೆಳೆದಿದ್ದು ಅದರಿಂದಾನೇ. ಅಲ್ಲಿ ಸಿವಿಲ್ ಎಂಜಿನಿಯರ್ ಕೆ.ಎಸ್. ಜಗದೀಶ್ ಅವರಂಥವರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಲ್ಲೇ ಒತ್ತೋ ಮೆಷಿನ್ನಲ್ಲಿ ಒತ್ತಿ, ಸುಡದೇನೇ ಗಟ್ಟಿ ಇಟ್ಟಿಗೆ ಮಾಡೋದನ್ನ ಪಳಗಿಸಿದ್ರು. ಭಟ್ಟಿಗೆ ಹಾಕೋ ಸೌದೆ ಉಳೀತು, ಇವತ್ತು ಬೆಂಗಳೂರಲ್ಲಿ ಆ ಇಟ್ಟಿಗೆಯ ಮನೆಗಳು ಬೇಕಾದಷ್ಟಿವೆ. ಅವರ್ಯಾರೂ ತಮ್ಮ ವಿಷಯ ಮರೆತು ಬಂದವರಲ್ಲ, ತಮ್ಮ ವಿಷಯ ಗಟ್ಟಿಯಾಗಿ ಗೊತ್ತಿತ್ತು ಅಂತಾನೇ ಪಕ್ಕದೋರ ಹತ್ರ ಧೈರ್ಯವಾಗಿ ಕೇಳಿ ಕಲಿಯೋಕಾಯ್ತು.

ಸೇರೋ ಮುಂಚೆ ಮಗಳು ಎರಡು ವಿಷಯ ವಿಚಾರಿಸ್ಲಿ. ಒಂದೇ ಊರಲ್ಲಿ ವಾರಗಟ್ಟಲೆ ಇದ್ದು ಮಾಡೋ ಫೀಲ್ಡ್ ವರ್ಕ್ ಕೋರ್ಸಲ್ಲಿ ಇದೆಯಾ? ಬೇರೆ ಬೇರೆ ವಿಷಯದ ಇಬ್ಬರು ಮೇಷ್ಟ್ರು ಒಂದೇ ಕ್ಲಾಸಲ್ಲಿ ಕೂತು ಮಕ್ಕಳ ಮುಂದೆ ವಾದ ಮಾಡ್ತಾರಾ? ಎರಡೂ ಇಲ್ಲ ಅಂದ್ರೆ ಅದು ಆರು ಪೇಪರ್ ಸೇರಿಸಿ ಹೊಲಿದ ಕೌದಿ ಅಷ್ಟೇ, ದುಡ್ಡು ಕಟ್ಟಬೇಡಿ.

ಪ್ರಶ್ನೆ: ಪುರ ಅನ್ನೋ ಹಳ್ಳಿಯ ಗೋಬರ್ ಗ್ಯಾಸ್ ಬಗ್ಗೆ ನಮ್ಮ ಮೇಷ್ಟ್ರು ಪಾಠ ಮಾಡಿದ್ರು. ಅದು ನಿಂತೇ ಹೋಯ್ತಂತೆ, ಮತ್ತೆ ಯಾಕೆ ಓದ್ಬೇಕು? - ವಿದ್ಯಾರ್ಥಿ, ಮಂಡ್ಯ

ಒಳ್ಳೇ ಪ್ರಶ್ನೆ ಕೇಳಿದ್ದೀರಿ, ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ಪುರ ಇರೋದು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಲ್ಲಿ, ಪಕ್ಕದ ಉಂಗ್ರದಲ್ಲಿ ಅಸ್ತ್ರದೋರ ಕೇಂದ್ರ ಇತ್ತು. ಇವರು ಮೊದಲು ಏನನ್ನೂ ಕಟ್ಟೋಕೆ ಹೋಗ್ಲಿಲ್ಲ, ಸುತ್ತಿನ ಹಳ್ಳಿಗಳಲ್ಲಿ ಯಾರು ಎಷ್ಟು ಸೌದೆ ಉರಿಸ್ತಾರೆ, ಸೌದೆ ತರೋಕೆ ಎಷ್ಟು ಹೊತ್ತು ಹಿಡಿಯುತ್ತೆ, ಎತ್ತು ಎಷ್ಟು ದುಡಿಯುತ್ತೆ, ಹೆಂಗಸರು ಮಕ್ಕಳು ಎಷ್ಟು ದುಡೀತಾರೆ ಅಂತ ಮನೆ ಮನೆ ಲೆಕ್ಕ ತೆಗೆದ್ರು. ಊರಲ್ಲಿ ಬಳಕೆಯಾಗೋ ಶಕ್ತಿಯಲ್ಲಿ ಹೆಚ್ಚುಕಮ್ಮಿ ಎಲ್ಲಾ ಬರೀ ಸೌದೆ, ಕರೆಂಟಿನ ಪಾಲು ಏನೇನೂ ಇಲ್ಲ ಅಂತ ಗೊತ್ತಾಯ್ತು. ಅಲ್ಲೀವರೆಗೂ ದೇಶದ ಎನರ್ಜಿ ಲೆಕ್ಕ ಅಂದ್ರೆ ಕಲ್ಲಿದ್ದಲು, ಎಣ್ಣೆ, ಕರೆಂಟು ಅಷ್ಟೇ ಆಗಿತ್ತು, ಹೆಂಗಸಿನ ತಲೆ ಮೇಲಿನ ಹೊರೆ ಆ ಲೆಕ್ಕದೊಳಗೆ ಬಂದಿರ್ಲಿಲ್ಲ. ನನಗೆ ಈ ಸರ್ವೆನೇ ಇಡೀ ಕೆಲಸದ ದೊಡ್ಡ ಭಾಗ ಅನ್ಸುತ್ತೆ.

ಆಮೇಲೆ ಊರಿಗೆಲ್ಲಾ ಸೇರಿ ಒಂದು ಗೋಬರ್ ಗ್ಯಾಸ್ ಪ್ಲಾಂಟ್ ಮಾಡಿ ಒಲೆಗೆ ಗ್ಯಾಸ್ ಕೊಡೋಣ ಅಂತ ಹೊರಟ್ರು. ಇದ್ದ ಸಗಣಿಯಲ್ಲಿ ಎಲ್ಲರ ಅಡುಗೆಗೂ ಆಗೋವಷ್ಟು ಗ್ಯಾಸ್ ಬರಲಿಲ್ಲ, ಅಲ್ಲಿಗೆ ಆ ಪ್ಲಾನು ಬಿತ್ತು. ಆಗ ಊರೋರ ಜೊತೆ ಕೂತು ಮತ್ತೆ ಯೋಚನೆ ಮಾಡಿ 1987ರಲ್ಲಿ ದಾರಿ ಬದಲಾಯಿಸಿದ್ರು. ಗ್ಯಾಸಿಗೆ ಸ್ವಲ್ಪ ಡೀಸೆಲ್ ಸೇರಿಸಿ ಎಂಜಿನ್ ಓಡಿಸೋದು, ಅದರಿಂದ ಕರೆಂಟ್, ಕರೆಂಟಿಂದ ಬೋರ್‌ವೆಲ್ ನೀರು ನಲ್ಲಿಗೆ, ಮನೆಗೆ ದೀಪ. ಅದಕ್ಕೆ ಮುಂಚೆ ಕುಡಿಯೋಕೆ ಕೆರೆ ನೀರೇ ಗತಿ. ಸಗಣಿ ಹೊತ್ತು ತಂದೋರಿಗೆ ಸ್ವಲ್ಪ ಕಾಸು, ಗ್ಯಾಸ್ ತೆಗೆದ ಮೇಲೆ ಉಳಿದ ಗೊಬ್ಬರನೂ ವಾಪಸ್ಸು, ನೋಡ್ಕೊಳ್ಳೋಕೆ ಊರಿನ ಕಮಿಟಿ. ಊರೋರು ಸಗಣಿ ತರ್ಲಿಲ್ಲ ಅಂದ್ರೆ ಊರಿಗೇ ನೀರಿಲ್ಲ, ಹಂಗಾಗಿ ನನಗ್ಯಾಕೆ ಅಂತ ಯಾರೂ ಸುಮ್ನೆ ಕೂರೋ ಹಾಗಿರ್ಲಿಲ್ಲ, ಅವರವರ ಮನೆ ಲಾಭನೂ ಊರಿನ ಲಾಭನೂ ಒಂದೇ ಆಗ್ಬಿಡ್ತು. ವರ್ಷಗಟ್ಟಲೆ ಹಿಂಗೇ ನಡೀತು, ಆಮೇಲೆ ನಿಂತಿತು.

ಈಗ ಹೇಳಿ, ಇದು ಯಾವ ಸಬ್ಜೆಕ್ಟು? ಸಗಣಿ ಕೊಳೆಯೋದು ಮೈಕ್ರೋಬಯಾಲಜಿ, ಎಂಜಿನ್ನು ಮೆಕ್ಯಾನಿಕಲ್, ದನ ಯಾರ ಹತ್ರ ಎಷ್ಟಿದೆ ಅನ್ನೋದು ಜಾತಿ-ಜಮೀನಿನ ವಿಷಯ, ಕಮಿಟಿ ನಡೆಸೋದು ರಾಜಕೀಯ. ಪ್ರಶ್ನೆ ಒಂದೇ ಇತ್ತು, ಊರಿಗೆ ಏನು ಬೇಕು ಅಂತ, ಆ ಪ್ರಶ್ನೆ ಯಾರ್ಯಾರನ್ನ ಕರೀತೋ ಅವರೆಲ್ಲಾ ಬರಬೇಕಾಯ್ತು. ಮೊದಲೇ ಮೂರು ಡಿಪಾರ್ಟ್‌ಮೆಂಟ್ ಸೇರಿಸಿ ಆಮೇಲೆ ಪ್ರಶ್ನೆ ಹುಡುಕೋದು ಉಲ್ಟಾ ದಾರಿ, ಈಗ ಎಷ್ಟೋ ಕಡೆ ಹಂಗೇ ನಡೀತಿದೆ, ನೋಡಿದ್ರೆ ಸಂಕಟ ಆಗುತ್ತೆ. ನಿಂತು ಹೋದದ್ದನ್ನೂ ಅದಕ್ಕೇ ಓದ್ಬೇಕು, ಅಡುಗೆ ಗ್ಯಾಸ್ ಸಾಲದೇ ಹೋದ ಆ ಮೊದಲ ಸೋಲೇ ಅವರನ್ನ ನೀರಿನ ಕಡೆ ತಿರುಗಿಸಿದ್ದು.

ಪ್ರಶ್ನೆ: ಹಳ್ಳಿಯೋರು ಹೇಳಿದ್ದನ್ನ ರಿಸರ್ಚ್ ಅಂತ ಒಪ್ತಾರಾ? ನನ್ನ ಗೈಡ್ ಡೇಟಾ ಎಲ್ಲಿ ಅಂತಾರೆ. - ಸಂಶೋಧನಾ ವಿದ್ಯಾರ್ಥಿನಿ, ಶಿರಸಿ

ನಿಮ್ಮ ಜಿಲ್ಲೆಯ ಕಥೆನೇ ಹೇಳ್ತೀನಿ. ಐಐಎಸ್ಸಿಯಲ್ಲಿ 1983ರಲ್ಲಿ ಪರಿಸರ ವಿಜ್ಞಾನ ಕೇಂದ್ರ ಶುರು ಮಾಡಿದ ಮಾಧವ ಗಾಡ್ಗೀಳ್, ಅದಕ್ಕೂ ಮುಂಚೆ ಉತ್ತರ ಕನ್ನಡದ ಬಿದಿರು ಯಾಕೆ ಖಾಲಿ ಆಗ್ತಿದೆ ಅಂತ ನೋಡ್ತಿದ್ರು. ಪೇಪರ್ ಮಿಲ್ಲಿಗೆ ಬಿದಿರು ಕಡಿಯೋರು ಮೆಳೆಯ ಬುಡದಲ್ಲಿರೋ ಮುಳ್ಳನ್ನ ಸವರಿ ತೆಗೀತಿದ್ರು, ಬುಡ ಬಿಡುವಾದ್ರೆ ಚೆನ್ನಾಗಿ ಬೆಳೆಯುತ್ತೆ ಅನ್ನೋ ಲೆಕ್ಕ. ಊರೋರು ಹೇಳಿದ್ದು ಬೇರೆ: ಆ ಮುಳ್ಳೇ ಬೇಲಿ, ಮುಳ್ಳು ಹೋದ್ರೆ ಹೊಸ ಕಳಲೆನ ದನ, ಕಾಡುಪ್ರಾಣಿ ತಿಂದು ಹಾಕುತ್ವೆ. ಗಾಡ್ಗೀಳ್ ಮತ್ತು ಅವರ ಜೊತೆಯೋರು ಅಳೆದು ಎಣಿಸಿ ನೋಡಿದಾಗ ಊರೋರ ಮಾತೇ ನಿಜ ಆಯ್ತು. ನೀವೂ ಹಿಂಗೇ ಮಾಡಿ, ಊರೋರ ಮಾತನ್ನ ಮೊದಲು ಪೂರ್ತಿ ಬರ್ಕೊಳ್ಳಿ, ಆಮೇಲೆ ಮುಳ್ಳಿರೋ ಮೆಳೆ ಮುಳ್ಳಿಲ್ಲದ ಮೆಳೆ ಎರಡನ್ನೂ ಎಣಿಸೋ ಥರ ಒಂದು ಪರೀಕ್ಷೆ ಕಟ್ಟಿ. ಗೈಡ್ ಕೇಳ್ತಿರೋ ಡೇಟಾ ಅದೇ, ಅವರದ್ದೂ ತಪ್ಪಿಲ್ಲ. ಥೀಸಿಸ್‌ನಲ್ಲಿ ಆ ಮಾತು ಯಾವ ಊರಿಂದ ಬಂತು ಅಂತ ಬರೆಯೋದನ್ನ ಮಾತ್ರ ಬಿಡಬೇಡಿ.

ಪ್ರಶ್ನೆ: ಡಿಗ್ರಿ ಕಾಲೇಜಲ್ಲಿ ಪರಿಸರ ಅಧ್ಯಯನ ಪೇಪರ್ ಹೇಳ್ಕೊಡ್ತೀನಿ. ಬಿಕಾಂ, ಬಿಎ, ಬಿಎಸ್ಸಿ ಎಲ್ಲಾ ಒಂದೇ ಕ್ಲಾಸು, ಗೈಡ್ ಬುಕ್ ಓದಿ ಪಾಸಾಗ್ತಾರೆ. ಏನು ಮಾಡ್ಲಿ? - ಉಪನ್ಯಾಸಕರು, ಚಳ್ಳಕೆರೆ

ನಾನೂ ಈ ಪೇಪರ್ ಹೇಳ್ಕೊಟ್ಟೋನೇ, ನಿಮ್ಮ ಕಷ್ಟ ಗೊತ್ತು. ಇದು ಕಡ್ಡಾಯ ಆಗಿದ್ದು ಸುಪ್ರೀಂ ಕೋರ್ಟ್ 1991ರಲ್ಲಿ ಪರಿಸರದ ಕೇಸುಗಳಿಗೆ ಹೆಸರಾದ ವಕೀಲ ಎಂ.ಸಿ. ಮೆಹ್ತಾ ಹಾಕಿದ ಕೇಸಲ್ಲಿ ಹೇಳಿದ ಮೇಲೆ, ಯುಜಿಸಿ ಆಮೇಲೆ ಮಾಡಿದ ಸಿಲಬಸ್ಸಲ್ಲಿ ಫೀಲ್ಡ್ ವರ್ಕಿಗೆ ಅಂತಾನೇ ಒಂದು ಭಾಗ ಇಟ್ಟಿತ್ತು. ನಾವು ಆ ಭಾಗಾನ ಪಾರ್ಕಿಗೆ ಕರ್ಕೊಂಡ್ಹೋಗಿ ಫೋಟೋ ತೆಗ್ಸಿ ಮುಗಿಸ್ಬಿಡ್ತೀವಿ, ನಾನೂ ಮೊದಲೆರಡು ವರ್ಷ ಹಂಗೇ ಮಾಡಿದೆ, ಆ ಮಕ್ಕಳಿಗೆ ಅನ್ಯಾಯ ಆಯ್ತು.

ಎಲ್ಲಾ ಥರದ ಮಕ್ಕಳೂ ಒಂದೇ ಕ್ಲಾಸಲ್ಲಿದಾರೆ ಅಂತ ಬೇಜಾರು ಮಾಡ್ಕೋಬೇಡಿ, ದೊಡ್ಡ ಯೂನಿವರ್ಸಿಟಿಗಳು ಕಷ್ಟಪಟ್ಟು ಒಟ್ಟು ಮಾಡೋ ಟೀಮು ನಿಮಗೆ ಪುಕ್ಕಟೆ ಸಿಕ್ಕಿದೆ. ನಿಮ್ಮ ಕಾಲೇಜಿನ ನೀರು ಎಲ್ಲಿಂದ ಬರುತ್ತೆ ಅನ್ನೋ ಒಂದೇ ಪ್ರಶ್ನೆ ಕೊಡಿ. ಬಿಕಾಂನೋರು ಟ್ಯಾಂಕರ್ ಬಿಲ್ಲು, ಮೋಟಾರಿನ ಕರೆಂಟ್ ಬಿಲ್ಲು ಕೂಡ್ಲಿ. ಬಿಎಸ್ಸಿಯೋರು ತಾರಸಿ ಅಳೀಲಿ, ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್, ಅಂದ್ರೆ 1,000 ಚದರ ಮೀಟರ್ ತಾರಸಿ ಮೇಲೆ 500 ಮಿಲಿಮೀಟರ್ ಮಳೆ ಬಿದ್ರೆ 5 ಲಕ್ಷ ಲೀಟರ್, ಅದು ಈಗ ಎಲ್ಲಿಗೆ ಹರಿದುಹೋಗ್ತಿದೆ ಅಂತ ಹುಡುಕ್ಲಿ. ಹಿಸ್ಟರಿ, ಕನ್ನಡದ ಮಕ್ಕಳು ಊರಿನ ಕೆರೆ ಬಗ್ಗೆ ಕೇಳ್ಕೊಂಡು ಬರ್ಲಿ, ಕೆರೆ ನೀರನ್ನ ಗದ್ದೆಗಳಿಗೆ ಹಂಚ್ತಿದ್ದ ನೀರುಗಂಟಿ ಮನೆತನದೋರು ಯಾರಾದ್ರೂ ಉಳಿದಿದಾರಾ, ನೀರು ಬಿಡೋ ತೂಬು ಎತ್ತೋ ಸರದಿ ಹೆಂಗಿತ್ತು ಅಂತ. ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಅಂತ ಪದಗಳು ಬರ್ತವೆ, ಕೆರೆ ಕಟ್ಟೋಕೆ, ನೋಡ್ಕೊಳ್ಳೋಕೆ ಅಂತ ಬಿಟ್ಟುಕೊಟ್ಟ ಜಮೀನು ಅದು, ರಿಪೇರಿಗೆ ದುಡ್ಡೆಲ್ಲಿಂದ ಅನ್ನೋದನ್ನ ಆಗ್ಲೇ ಯೋಚ್ನೆ ಮಾಡಿದ್ರು, ಇದನ್ನ ಬಿಕಾಂ ಮಕ್ಕಳಿಗೆ ಓದಿ ಹೇಳಿ, ಕಣ್ಣರಳಿಸಿ ಕೇಳ್ತಾರೆ.

ಕೊನೆಗೆ ಎಲ್ಲಾರೂ ಸೇರಿ ಒಂದೇ ರಿಪೋರ್ಟ್ ಬರೀಲಿ, ಗುಂಪಿಗೊಂದು ಬೇಡ. ಲೆಕ್ಕ ಒಂದಕ್ಕೊಂದು ತಾಳೆ ಆಗಲ್ಲ, ಜಗಳ ಆಡ್ತಾರೆ, ಆಡ್ಲಿ ಬಿಡಿ, ಮಾರ್ಕ್ಸ್ ಕೊಡೋವಾಗ ಆ ಜಗಳ ಹೆಂಗೆ ಬಗೆಹರಿಸಿದ್ರು ಅನ್ನೋದನ್ನೇ ನೋಡಿ. ರಿಪೋರ್ಟಿನ ಒಂದು ಕಾಪಿ ಪ್ರಿನ್ಸಿಪಾಲರಿಗೆ, ಇನ್ನೊಂದು ನಗರಸಭೆಗೆ ಮಕ್ಕಳ ಕೈಯಲ್ಲೇ ಕೊಡ್ಸಿ, ಮುಂದಿನ ಬ್ಯಾಚು ಅದನ್ನ ಇಟ್ಕೊಂಡೇ ಶುರು ಮಾಡ್ಲಿ.